ಮಳೆಯ ಪುಸ್ತಕದಲ್ಲಿ ದಾದಿ ಇಲ್ಲ

ನಮ್ಮ ಖೋಲಿಗೂ ಮೋತಿಬಾಯಿಯ ಖೋಲಿಗೂ ನಡುವೆ ಇರುವುದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಅವರ ಮನೆಯ ಒಗ್ಗರಣೆಗೆ ನನಗೆ ಸೀನು ಬರುತ್ತದೆ, ನನ್ನ ಗಂಡನ ಗೊರಕೆಗೆ ಅವರ ಮನೆಯ ಕೂಸು ಎದ್ದು ಕೂರುತ್ತದೆ. ಹಾಗಾಗಿ ಅವರ ಜಗಳವನ್ನು ಈ ಮರಿಯಮ ಕದ್ದು ಕೇಳಿದಳು ಎಂದು ಯಾರೂ ಅನ್ನಬಾರದು. ಕಿವಿ ಕಿತ್ತು ಗೂಟಕ್ಕೆ ಹಾಕಿ ಅಡಿಗೆ ಮಾಡಲಿಕ್ಕಾಗುತ್ತದೆಯೇ?

ಗೋವೆಯ ವೆರ್ಣಾದ ಕಾರ್ಖಾನೆಗಳ ಹಿಂದೆ, ಮನೆಯೊಡತಿಯ ಹಿತ್ತಿಲಲ್ಲಿ ಸಾಲಾಗಿ ಕಟ್ಟಿದ ಬಾಡಿಗೆ ಖೋಲಿಗಳು ನಮ್ಮವು. ನಾವು ಸವದತ್ತಿ ಕಡೆಯವರು. ಅವರು ವಿಜಯಪುರದ ಆಚೆಯ ಒಂದು ಲಂಬಾಣಿ ತಾಂಡಾದವರು. ಮೋತಿಬಾಯಿ ಕೋಲ್ವಾ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ, ಕನ್ನಡಿ ಕೂರಿಸಿದ ಚೀಲ ಮಾರುತ್ತಾಳೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಗ ಕುಬೇರನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಸೊಸೆ ಲತಾ ಫ್ಲ್ಯಾಟುಗಳಲ್ಲಿ ಕಸ-ಮುಸುರೆ ಮಾಡುತ್ತಾಳೆ. ಮೊಮ್ಮಗಳು ಮೀನಾಕ್ಷಿ ನಾಲ್ಕು ತುಂಬಿ ಐದಕ್ಕೆ ಬಿದ್ದವಳು. ಲತಾ ಕೆಲಸಕ್ಕೆ ಹೋದಾಗ ಆ ಕೂಸು ನನ್ನ ಹತ್ತಿರ ಇರುತ್ತದೆ. ನನ್ನನ್ನು ಖಾಲಾ ಅನ್ನುತ್ತದೆ, ನನ್ನ ಡಬ್ಬಿಯ ಬೆಲ್ಲವನ್ನೆಲ್ಲ ಖಾಲಿ ಮಾಡುತ್ತದೆ.

ಬೀಚಿನ ವ್ಯಾಪಾರದವರಿಗೆ ವರ್ಷಕ್ಕೆ ಎರಡೇ ಕಾಲ. ಒಂದು ಸೀಜನ್, ಇನ್ನೊಂದು ಮಳೆ. ಸೀಜನ್‌ಗೆ ಗೋವಾ, ಮಳೆಗೆ ತಾಂಡಾ. ಮೇ ತಿಂಗಳು ಮುಗಿಯುವ ಮೊದಲೇ ಮೋತಿಬಾಯಿ ಉಳಿದ ಸರಕನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸುತ್ತಾಳೆ, ಬಿತ್ತಲು ಊರಿಗೆ ಹೋಗುತ್ತಾಳೆ. ಕುಬೇರನೂ ಕಾಂಟ್ರಾಕ್ಟ್ ಕೆಲಸ ಬಿಟ್ಟು ಹೆಂಡತಿ ಮಗಳನ್ನು ಕರೆದುಕೊಂಡು ಜೊತೆಗೆ ಹೋಗುತ್ತಿದ್ದ. ಮರಳಿ ಬರುವುದು ದೀಪಾವಳಿ ಹೊತ್ತಿಗೆ. ಅಂದರೆ ಮೀನಾಕ್ಷಿ ಹುಟ್ಟಿದಾಗಿನಿಂದ ಗೋವೆಯ ಮಳೆಯನ್ನೇ ಕಂಡವಳಲ್ಲ. ಈ ಮಾತು ನೆನಪಿರಲಿ.

ಈ ವರ್ಷ ಕುಬೇರನ ಕೆಲಸ ಕಾಯಂ ಆಯಿತು. ಸುಮ್ಮನೆ ಬಿಟ್ಟು ಹೋಗುವಂತಿಲ್ಲ. ಮೀನಾಕ್ಷಿಗೆ ಜೂನ್‌ನಿಂದ ಕೇಜಿ ಶಾಲೆ ಬೇರೆ. ಅಲ್ಲಿಂದಲೇ ಜಗಳ ಹುಟ್ಟಿತು. ಅವರ ಮನೆಯಲ್ಲಿ ಮಾತು ಅರ್ಧ ಲಂಬಾಣಿ, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ. ನನಗೂ ತಿಳಿಯಲಿ ಅಂತಲೋ ಏನೋ.

ಆ ಸಂಜೆ ಲತಾ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಜೋರಾದಾಗಲೇ ನನಗೆ ಗೊತ್ತಾಯಿತು, ಇವತ್ತು ಏನೋ ಇದೆ ಅಂತ.

"ನೀವಿಬ್ಬರೂ ಇರ್ರಿ. ಬ್ಯಾಡ ಅಂದವರ್ಯಾರು?" ಮೋತಿಬಾಯಿ ಅಂದಳು. "ಕೂಸಿನ್ನ ನಾ ಕರ್ಕೊಂಡು ಹೋಗ್ತೇನಿ. ದೀಪಾವಳಿಗೆ ಹೊಳ್ಳಿ ಕರ್ಕೊಂಡು ಬರ್ತೇನಿ."

"ಸಾಲಿ ಚಾಲೂ ಆಗೂದು ಜೂನ್‌ದಾಗ, ಅತ್ತಿ. ದೀಪಾವಳಿಗಲ್ಲ."

"ತಾಂಡಾದಾಗೂ ಅಂಗನವಾಡಿ ಐತಿ. ಇಂವ ಕಲೀಲಿಲ್ಲೇನು ಅಲ್ಲೆ?"

"ಇವರು ಏನು ಕಲತಾರ ಅಂತ ದಿನಾ ನೋಡಾಕತ್ತೇನಲ್ರಿ. ಹೂಂ ಅನ್ನೂದು, ಇಲ್ಲಂದ್ರ ಊಹೂಂ ಅನ್ನೂದು."

ಕುಬೇರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಶೇಂಗಾ ಚಟ್ನಿಗೆ ಎಣ್ಣೆ ಕೇಳಿದ.

"ನಾನು ಹಡದ ಮಗಳನ್ನ ಹಬ್ಬಕ್ಕೊಮ್ಮೆ ನೋಡಬೇಕೇನ್ರಿ?" ಲತಾಳ ರೊಟ್ಟಿ ಬಡಿತ ನಿಂತಿತು. "ಈ ವರ್ಷ ಮಳಿಗಾಲ ಅಂತೀರಿ. ಮುಂದಿನ ವರ್ಷ ಪೂರಾ ವರ್ಷ ಅಲ್ಲೇ ಇರ್ಲಿ ಅಂತೀರಿ."

"ಎಲ್ಲಾ ತಾಂಡಾದ ಮಂದಿ ಹಂಗ ಮಾಡ್ಯಾರ, ಲತಾ. ಮಕ್ಕಳನ್ನ ಬಿಸಲಾಗ ಉಸುಗಿನ ಮ್ಯಾಲೆ ಒಣಗಿಸಾಕ ಬರ್ತೈತೇನು? ಇವನ್ನ ನಮ್ಮತ್ತಿ ಮುದುಕಿ ಹತ್ರ ಬಿಟ್ಟ ಬಂದೆ ನಾನು. ಬೆಳೀಲಿಲ್ಲೇನು ಇಂವ?"

ಆಗ ಕುಬೇರ ಬಾಯಿ ಬಿಟ್ಟ. "ಒಂದು ಮಳಿಗಾಲ ಇಲ್ಲೆ ಇಟ್ಟು ನೋಡೂಣು. ಹುಡುಗಿ ಹೊಂದಿಕೊಂಡಳು ಅಂದ್ರ ಇಲ್ಲೇ ಇರ್ಲಿ. ಇಲ್ಲಂದ್ರ ತಾಂಡಾದಾಗ ಬಿಟ್ಟು ಬರೂಣು. ಅಲ್ಲೇ ಬೆಳೀಲಿ, ನಾ ಬೆಳದಾಂಗ."

ಮರುದಿನ ಪಾವ್ ಮಾರುವ ಪೊದೇರ ಸೈಕಲ್ಲಿನ ಹಾರ್ನ್ ಒತ್ತುತ್ತ ಬಂದಾಗ ಲತಾ ನನ್ನ ಪಕ್ಕ ನಿಂತು ಪಿಸುಗುಟ್ಟಿದಳು. "ಆಪಾ, ಕೂಸು ಇಲ್ಲೆ ಹೊಂದಿಕೊಳ್ಳಲಿಲ್ಲ ಅಂದ್ರ ನನ್ನ ಕೈ ತಪ್ಪಿ ಹೋಗ್ತೈತಿ ನೋಡ್ರಿ."

"ಹೊಂದಿಕೋತೈತಿ ಬಿಡ, ಹುಚ್ಚಿ. ಕೂಸಿಗೇನು, ಎಲ್ಲಿ ಬೆಲ್ಲ ಐತೋ ಅಲ್ಲೆ ಊರು," ಅಂದೆ. ಧೈರ್ಯ ಹೇಳುವುದು ನನಗೆ ಸಲೀಸು. ನನ್ನ ಮಗಳಲ್ಲವಲ್ಲ.

ಮೋತಿಬಾಯಿ ಹೊರಟ ಬೆಳಿಗ್ಗೆ ಮೀನಾಕ್ಷಿ ಅವಳ ಸೆರಗು ಬಿಡಲಿಲ್ಲ. "ದಾದಿ, ನಾನೂ ಬರ್ತೇನಿ. ನನ್ನ ಚಪ್ಪಲ್ ಹಾಕು." ತಂದೆಯ ತಾಯಿಗೆ ಅವರು ದಾದಿ ಅನ್ನುತ್ತಾರೆ. ಮೋತಿಬಾಯಿ ಗಟ್ಟಿ ಹೆಣ್ಣು. ಬೀಚಿನಲ್ಲಿ ಎಂಥೆಂಥವರ ಬೈಗುಳ ಕೇಳಿ ನಕ್ಕವಳು. ಅವತ್ತು ಮಾತ್ರ ಮುಖ ಆ ಕಡೆ ತಿರುಗಿಸಿದಳು.

"ಮಳಿ ಬರ್ಲಿ ತಡಿ, ಮೀನಿ. ಮಳಿ ಬಂದ್ರ ದಾದಿ ನಿನ್ನ ಕಡೇನ ಇರ್ತಾಳ."

ಅಳುವ ಕೂಸಿಗೆ ಏನಾದರೂ ಹೇಳಬೇಕಲ್ಲ, ಹೇಳಿದಳು. ಕೂಸು ಸೆರಗು ಬಿಟ್ಟಿತು. ನಂಬಿದ್ದರಿಂದಲೇ ಬಿಟ್ಟಿತು.

ಜೂನ್ ಮೊದಲ ವಾರ ಶಾಲೆ ಶುರುವಾಯಿತು. ಮಳೆ ಇನ್ನೂ ಬಿದ್ದಿರಲಿಲ್ಲ, ಬರೀ ಬೆವರು. ಕೇಜಿ ಟೀಚರ್ ಒಳ್ಳೆಯ ಹುಡುಗಿ, ಕೊಂಕಣಿಯಲ್ಲಿ ನಕ್ಕೊಂಡು ಮಾತಾಡುತ್ತಾಳೆ. ತರಗತಿಯಲ್ಲಿ ಒಂದು ಓದುವ ಮೂಲೆ ಮಾಡಿದ್ದಾಳಂತೆ. ಕಾಲಕ್ಕೆ ತಕ್ಕಂತೆ ಅಲ್ಲಿನ ಪುಸ್ತಕ ಬದಲಾಗಬೇಕಂತೆ. ಈಗ ಮಳೆಗಾಲ, ಪ್ರತಿ ಮಗುವೂ ಮಳೆಯ ಒಂದು ಚಿತ್ರಪುಸ್ತಕ ತರಲಿ, ಯಾವ ಭಾಷೆಯದಾದರೂ ನಡೆಯುತ್ತದೆ, ಆದರೆ ಮಗುವೇ ಇಷ್ಟಪಟ್ಟು ಆರಿಸಿರಲಿ ಅಂದಳು.

ಪುಸ್ತಕ ಅಂದಮೇಲೆ ನನ್ನ ಗಂಡ ಶಫೀಸಾಬನ ಹತ್ತಿರವೇ ಬರಬೇಕು. ಮಡಗಾಂವದ ಮಾರ್ಕೆಟ್ಟಿನ ಬದಿ ಅವನ ಹಳೇ ಪುಸ್ತಕದ ಅಂಗಡಿ. ಅಂಗಡಿ ಅಂದರೆ ಅಂಗಡಿಯೇನಲ್ಲ, ಎರಡು ಹಲಗೆ, ಮೇಲೊಂದು ತಾಡಪತ್ರಿ. ಮಕ್ಕಳ ಪುಸ್ತಕಗಳನ್ನು ಹಗ್ಗಕ್ಕೆ ಬಟ್ಟೆ ಚಿಮಟಿ ಹಾಕಿ ತೂಗುಹಾಕುತ್ತಾನೆ. ಕಾಲ ಬದಲಾದರೆ ಹಗ್ಗದ ಮೇಲಿನ ಪುಸ್ತಕವೂ ಬದಲು. ಏಪ್ರಿಲ್‌ನಲ್ಲಿ ಮಾವಿನಹಣ್ಣು, ರಜೆ, ಸಮುದ್ರ. ಜೂನ್‌ನಲ್ಲಿ ಕಪ್ಪೆ, ಛತ್ರಿ. ನವೆಂಬರ್ ಬಂದರೆ ದೀಪ, ನಕ್ಷತ್ರ. ಉಳಿದವು ಗೋಣಿಚೀಲದೊಳಗೆ.

"ಪುಸ್ತಕಕ್ಕೂ ಹಣ್ಣಿನಾಂಗ ಹಂಗಾಮ ಇರತೈತಿ," ಎಂದು ಬಂದವರಿಗೆಲ್ಲ ಹೇಳುತ್ತಾನೆ. ಮನೆಯಲ್ಲಿ ಉಪ್ಪು ಮುಗಿದಿದ್ದು ಮಾತ್ರ ಅವನಿಗೆ ನೆನಪಿರುವುದಿಲ್ಲ.

ಭಾನುವಾರ ಲತಾ, ಮೀನಾಕ್ಷಿ, ನಾನು ಮೂವರೂ ಹೋದೆವು. ಹಗ್ಗದಲ್ಲಿ ಕೆಸುವಿನ ಎಲೆ ಹಿಡಿದ ಕಪ್ಪೆ, ಕೆಂಪು ಬೂಟು ಹಾಕಿದ ಬಾತುಕೋಳಿ, ತೂತು ಛತ್ರಿಯ ಆನೆ ಎಲ್ಲ ಇದ್ದವು. ಲತಾ ಒಂದೊಂದನ್ನೇ ಇಳಿಸಿ ಪುಟ ತಿರುವಿದಳು. ಏಳನೇ ಇಯತ್ತೆ ಕಲಿತವಳು, ಪುಸ್ತಕ ಮುಟ್ಟಿದರೆ ಅವಳ ಮುಖವೇ ಬೇರೆಯಾಗುತ್ತದೆ. ಕಪ್ಪೆಯನ್ನು ಆರಿಸಿದಳು. ಹಾಳೆ ದಪ್ಪ, ಹರಿಯುವುದಿಲ್ಲ.

ಮೀನಾಕ್ಷಿ ನೆಲದ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ತಿರುವಿತು. ಮುಚ್ಚಿ ಕೊಟ್ಟಿತು.

"ಇದು ಮಳಿ ಅಲ್ಲ."

"ಯಾಕ ಅಲ್ಲ? ಇಲ್ಲಿ ನೋಡ, ಹನಿ. ಇಲ್ಲಿ ನೋಡ, ಕೆಸರು."

"ದಾದಿ ಎಲ್ಲಿ ಅದಾಳ ಇದರಾಗ?"

ಶಫೀಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೇಟಿ, ಇದು ಕಪ್ಪಿ ಪುಸ್ತಕ. ನಿಮ್ಮ ದಾದಿ ಯಾಕ ಬರ್ತಾಳ ಇದರಾಗ?"

ಆನೆಯನ್ನು ತೋರಿಸಿದೆವು. ಊಹೂಂ. ಬಾತುಕೋಳಿ, ಊಹೂಂ. ಕೊನೆಗೆ ಲತಾ ಕಪ್ಪೆಯನ್ನೇ ಹಟ ಮಾಡಿ ತೆಗೆದುಕೊಂಡಳು. ಒಗ್ಗದಿದ್ದರೆ ಬದಲಿಸಿ ಕೊಡುತ್ತೇನೆ ಎಂದ ನನ್ನ ಗಂಡ.

ಎರಡು ದಿನ ಬಿಟ್ಟು ಮೊದಲ ಮಳೆ ಬಂತು. ಗೋವೆಯ ಮಳೆ ಅಂದರೆ ಗೊತ್ತಲ್ಲ, ಹನಿ ಗಿನಿ ಇಲ್ಲ, ಒಮ್ಮೆಗೇ ಸುರಿಯುವುದು. ತಗಡಿನ ಮೇಲೆ ಸದ್ದು ಬಿದ್ದದ್ದೇ ತಡ, ಗೋಡೆಯಾಚೆ ಮೀನಾಕ್ಷಿ ಕುಣಿದಾಡಿದ್ದು ಕೇಳಿಸಿತು. "ಬಂತು! ಬಂತು!" ನಾನು ಹಪ್ಪಳ ಒಳಗೆ ತರಲು ಓಡಿದೆ. ನೋಡುತ್ತೇನೆ, ದಾದಿ ಹೊಲಿದುಕೊಟ್ಟ ಕನ್ನಡಿ ಫ್ರಾಕು ಹಾಕಿಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಆ ಕೂಸು ಮಳೆಯಲ್ಲಿ ಖೋಲಿಗಳ ಹಿಂದಕ್ಕೆ ಹೋಗುತ್ತಿದೆ. ಹಿಂದೆ ಹೋಯಿತು, ಮುಂದೆ ಬಂತು, ಮನೆಯೊಡತಿಯ ಮಾವಿನಮರ ಸುತ್ತಿತು. ಮತ್ತೆ ಹಿಂದೆ ಹೋಯಿತು.

"ಏನ ಹುಡಕಾಕತ್ತಿ, ಮೀನಿ?" ಲತಾ ಒದ್ದೆಯಾಗುತ್ತ ಓಡಿದಳು.

"ಬೇವಿನ ಗಿಡ ಎಲ್ಲಿ?"

"ಇಲ್ಲೆ ಯಾವ ಬೇವಿನ ಗಿಡ?"

"ಎಮ್ಮಿ ಎಲ್ಲಿ? ದಾದಿ ಎಲ್ಲಿ?" ಕೂಸು ಲತಾಳ ಕೈ ಜಗ್ಗಿತು. "ಮಳಿ ಬಂತಲ್ಲ ಮಮ್ಮಿ. ತಾಂಡಾ ಯಾಕ ಬಂದಿಲ್ಲ?"

ಮೊದಲು ನನಗೆ ನಗು ಬಂತು. ಆಮೇಲೆ ತಿಳಿಯಿತು. ಆ ಕೂಸಿಗೆ ಮಳೆ ಅಂದರೆ ಮೇಲಿಂದ ಬೀಳುವ ನೀರಲ್ಲ. ಮಳೆ ಅಂದರೆ ಒಂದು ಊರು. ಕರೀ ಮಣ್ಣು, ಬೇವಿನ ಗಿಡ, ಎಮ್ಮೆ, ಒಲೆಯ ಮುಂದೆ ದಾದಿ. ಪ್ರತಿ ವರ್ಷ ಅವಳು ಕಂಡದ್ದು ಅಷ್ಟೇ. ಈಗ ಮಳೆ ಬಂದಿತ್ತು, ಊರು ಮಾತ್ರ ಬಂದಿರಲಿಲ್ಲ. ಲತಾ ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ತಲೆ ಒರೆಸಿದಳು. ಇಬ್ಬರೂ ಅಳುವುದು ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು.

ಅಲ್ಲಿಂದ ಕೂಸು ಬಾಡಿತು. ಶಾಲೆಗೆ ಕಟ್ಟಿಕೊಟ್ಟ ಡಬ್ಬಿ ಹಾಗೇ ಮರಳಿ ಬರುತ್ತಿತ್ತು. ಚಪಾತಿ ಸುತ್ತಿ ಕೊಟ್ಟರೂ ಅಷ್ಟೇ, ಪಾವ್ ಕೊಟ್ಟರೂ ಅಷ್ಟೇ. ತರಗತಿಯಲ್ಲಿ ಕಿಟಕಿ ಬಿಟ್ಟು ಕದಲುವುದಿಲ್ಲ, ಹಾಡಿಗೂ ಬಾಯಿ ತೆರೆಯುವುದಿಲ್ಲ ಅಂದಳು ಟೀಚರ್. ಲತಾ ಪ್ರತಿ ಭಾನುವಾರ ಮಡಗಾಂವಕ್ಕೆ ಹೋಗಿ ಪುಸ್ತಕ ಬದಲಿಸಿಕೊಂಡು ಬರುತ್ತಿದ್ದಳು. ಕಪ್ಪೆ ಹೋಗಿ ಬಾತುಕೋಳಿ ಬಂತು. ಬಾತುಕೋಳಿ ಹೋಗಿ ಕಾಗದದ ದೋಣಿ ಬಂತು. ಒಂದಾದರೂ ಇಷ್ಟವಾದರೆ ಓದುವ ಮೂಲೆಯಲ್ಲಿ ಹೋಗಿ ಕೂತಾಳು, ಕೂತರೆ ಶಾಲೆ ಒಗ್ಗೀತು ಅಂತ ಅವಳ ಆಸೆ. ಪುಸ್ತಕ ಎದೆಗೆ ಅವಚಿಕೊಂಡು ಬಸ್ಸಿಳಿದು ಬರುವ ಅವಳನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಒಂದು ದಿನ ಟೀಚರ್ ಕರೆಸಿ ಮೆಲ್ಲಗೆ ಹೇಳಿದಳಂತೆ. ಮಗು ಇನ್ನೂ ಸಣ್ಣದು, ಈ ವರ್ಷ ಮನೆಯಲ್ಲೇ ಇಟ್ಟುಕೊಂಡು ಮುಂದಿನ ವರ್ಷ ತಂದರೂ ಆದೀತು ಅಂತ. ಕುಬೇರನಿಗೆ ಅಷ್ಟು ಸಾಕಾಯಿತು.

"ತಾಂಡಾದ ಠಾಕಪ್ಪ ಕಾಕಾ ಫೋಂಡಾಕ್ಕ ಬರಾಂವ ಅದಾನ. ಮಗ ಅಲ್ಲೆ ಬಿಲ್ಡಿಂಗ್ ಕೆಲಸದಾಗ ಅದಾನಲ್ಲ, ನೋಡಾಕ," ಅಂದ ಊಟಕ್ಕೆ ಕೂತು. "ಹೊಳ್ಳಿ ಹೋಗೂ ಮುಂದ ಮೀನಿನ್ನ ಕರ್ಕೊಂಡು ಹೋಗ್ಲಿ."

ಲತಾ ಸೌಟು ಇಟ್ಟ ಸದ್ದು ನನ್ನ ಗೋಡೆಗೇ ಬಡಿದಂತಾಯಿತು. "ನಿಮ್ಮ ಮಗಳಂದ್ರ ಗೋಣಿಚೀಲ ಏನ್ರಿ, ಬಂದವರ ಕೂಡ ಕಳಸಾಕ?"

"ಮತ್ತೇನ್ ಮಾಡ್ಲಿ? ಕೂಸು ಉಣ್ಣಾಂಗಿಲ್ಲ, ಮಾತಾಡಾಂಗಿಲ್ಲ. ಅಲ್ಲೆ ಯಾಡಿ ಅದಾಳ, ನಗ್ತಾ ಇರ್ತೈತಿ." ಯಾಡಿ ಅಂದರೆ ಅವರಲ್ಲಿ ಅವ್ವ. "ನಾ ಬೆಳೀಲಿಲ್ಲೇನು ಅಲ್ಲೆ?"

"ಬೆಳದ್ರಿ. ಉದ್ದ ಬೆಳದ್ರಿ. ನಿಮ್ಮ ಅವ್ವ ಬಸ್ ಹತ್ತಿ ಹೋದ ದಿನ ಒಂದು ಮಾತು ಆಡಿದ್ರೇನು ಅವರ ಕೂಡ? ಪಾಳಿ ಐತಿ ಅಂತ ಹೇಳಿ ಹೋದ್ರಿ. ಅವತ್ತು ನಿಮಗ ರಜಾ ಇತ್ತು, ನನಗೇನು ಗೊತ್ತಿಲ್ಲಂತ ತಿಳದೀರೇನು?"

ಕುಬೇರ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಅದರ ಮುಂದಿನ ಭಾನುವಾರ ಲತಾ ಮಡಗಾಂವಕ್ಕೆ ಹೋಗದೆ ಕೆಲಸಕ್ಕೆ ಹೋಗಿದ್ದಳು. ಕುಬೇರನಿಗೆ ಮಧ್ಯಾಹ್ನದ ಪಾಳಿ. ನಾನು ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಮೀನಾಕ್ಷಿ ಬೇಸರದಿಂದ ಆ ದೋಣಿಯ ಪುಸ್ತಕ ಕಾಲಿನಿಂದ ನೂಕುತ್ತಿತ್ತು. ಕುಬೇರ ಎತ್ತಿಕೊಂಡ. "ಬಾ, ನಾ ತೋರಿಸ್ತೇನಿ." ಮಗಳಿಗೆ ಪುಸ್ತಕ ತೋರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಹಾಳೆ ಲಗುಬಗೆಯಿಂದ ತಿರುವಿದ. ಮೂರನೆಯದರಲ್ಲಿ ಕೈ ನಿಂತಿತು. ಆ ಹಾಳೆಯಲ್ಲಿ ದೋಣಿಯಿಲ್ಲ, ಮನುಷ್ಯರಿಲ್ಲ. ತುಂಬ ಕರೀ ಮೋಡ, ಕೆಳಗೆ ಒಂದು ಖಾಲಿ ರಸ್ತೆ.

"ಇಷ್ಟು ಮೋಡ ಆದ್ರ ನಾವು ಹುಡುಗೂರೆಲ್ಲಾ ರಸ್ತಾಕ್ಕ ಓಡತಿದ್ವಿ," ಅಂದ.

"ಯಾಕ, ಪಪ್ಪಾ?"

"ಗೋವಾದಿಂದ ಅವ್ವಗೋಳು ಬರತಿದ್ರು, ಬಸ್ಸಿನ್ಯಾಗ. ನಿನ್ನ ದಾದಿನೂ ಬರತಿದ್ಳು."

ಮೀನಾಕ್ಷಿ ಹತ್ತಿರ ಸರಿಯಿತು. "ದಾದಿ ಬಂದ ಕೂಡ್ಲೆ ನೀ ಏನ್ ಮಾಡ್ತಿದ್ದಿ?"

"ಬೇವಿನ ಗಿಡದ ಹಿಂದ ಅಡಗತಿದ್ದೆ."

"ಯಾಕ?"

"ನಾಚಿಕಿ ಬರತಿತ್ತು. ಮಾರಿ ಮರತಂಗ ಆಗಿರತಿತ್ತು. ಆಕಿನ ಕರೀಲಿ ಅಂತ." ಕುಬೇರ ಪುಸ್ತಕ ಬಿಟ್ಟು ಕಣ್ಣು ಎತ್ತಲಿಲ್ಲ. "ಕರದ ಮ್ಯಾಲೆ ಹೋಗಿ ಒಂದ ಮಾತು ಕೇಳತಿದ್ದೆ. ಯಾಡಿ, ಯಾವಾಗ ಹೊಳ್ಳಿ ಹೋಗ್ತಿ?"

"ದಾದಿ ಏನಂತಿದ್ಳು?"

"ಮಳಿ ನಿಂತ ಮ್ಯಾಲೆ."

"ಆಮ್ಯಾಲೆ?"

"ಆಮ್ಯಾಲೆ ಏನೈತಿ? ಮಳಿ ನಿಲ್ಲಬ್ಯಾಡ, ನಿಲ್ಲಬ್ಯಾಡ ಅಂತ ದೇವರಿಗೆ ಕೈ ಮುಗೀತಿದ್ದೆ. ಒಂದ ವರ್ಷ ಮಳಿ ಭಾಳ ಆಗಿ ಬೆಳಿಯೆಲ್ಲಾ ಕೊಳತು ಹೋತು. ತಾಂಡಾ ಪೂರಾ ತಲಿ ಮ್ಯಾಲೆ ಕೈ ಹೊತಗೊಂಡು ಕುಂತಿತ್ತು. ನಾ ಒಬ್ಬಾಂವ ಕುಣದಾಡತಿದ್ದೆ. ನಿಂತ ಬಿಡತು ಆಮ್ಯಾಲೆ ಅದೂ."

ನನ್ನ ಕೈಯಲ್ಲಿನ ಅಕ್ಕಿ ಹಾಗೇ ಇತ್ತು. ತಿರುಗಿ ನೋಡಿದರೆ ಲತಾ. ಯಾವಾಗಲೋ ಬಂದು ಚೀಲ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದಳು.

"ಇಷ್ಟೆಲ್ಲಾ ನುಂಗಿಕೊಂಡಾವರು, ಮಗಳನ್ನ ಅಲ್ಲೇ ಕಳಸ್ತೇನಿ ಅಂತೀರಲ್ರಿ?"

ಕುಬೇರ ಪುಸ್ತಕ ಮುಚ್ಚಿದ. "ನನಗ ಅಲ್ಲೆ ಯಾಡಿ ಇರಲಿಲ್ಲ. ಇಕಿ ಕೂಡ ನನ್ನ ಯಾಡಿ ಸೀಜನ್ ಬಿಟ್ಟು ಅಲ್ಲೇ ಇರ್ತಾಳ. ಅದ ಬ್ಯಾರೆ, ಇದ ಬ್ಯಾರೆ," ಎಂದು ಹೇಳಿ ಕಂಪನಿ ಬಸ್ಸು ಬರುವ ಹೊತ್ತಿಗಿಂತ ಮೊದಲೇ ಹೋಗಿಬಿಟ್ಟ.

ಮರುದಿನ ಲತಾ ಒಬ್ಬಳೇ ಮಡಗಾಂವಕ್ಕೆ ಹೋದಳು. ಹಗ್ಗದ ಕಡೆ ತಿರುಗಿಯೂ ನೋಡಲಿಲ್ಲವಂತೆ. "ಮಳಿ ಪುಸ್ತಕ ಸಾಕ್ರಿ ಭಾಯಿ," ಎಂದು ಗೋಣಿಚೀಲ ಬಿಚ್ಚಿಸಿ, ಬೇಸಿಗೆಯ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದಳಂತೆ. ಮುಖಪುಟ ಹರಿದ ಒಂದು ತಂದಳು. ಕೆಂಪು ಬಸ್ಸು, ತಲೆಯ ಮೇಲೆ ಗಂಟು ಹೊತ್ತು ಇಳಿಯುವ ಮುದುಕಿ, ನಾಯಿ, ಗಿಡ, ಸುಡು ಬಿಸಿಲು. ಹುಡುಕಿದರೂ ಒಂದು ಹನಿ ನೀರಿಲ್ಲ ಅದರಲ್ಲಿ.

ಮೀನಾಕ್ಷಿ ಮೊದಲ ಹಾಳೆ ನೋಡಿತು. ಮುದುಕಿಯ ಮೇಲೆ ಬೆರಳಿಟ್ಟಿತು. "ಇದ ಮಳಿ ಪುಸ್ತಕ!"

ಶಾಲೆಗೆ ಕುಣಿಯುತ್ತ ಒಯ್ದಿತು. ಟೀಚರ್ ತಿರುವಿ ನೋಡಿ, "ಹೆಂ ಪಾವಸಾಚೆಂ ನ್ಹಯ್ ಗೊ," ಎಂದು ನಕ್ಕಳಂತೆ, ಇದು ಮಳೆಯದಲ್ಲ ಅಂತ. "ತಡೀರಿ, ದಾದಿ ಇಳದ ಮ್ಯಾಲೆ ಮಳಿ ಬರತೈತಿ," ಎಂದು ಕೂಸು ಜೋರಾಗಿ ಹೇಳಿತಂತೆ. ಆ ತರಗತಿಯಲ್ಲಿ ಅದು ಆಡಿದ ಮೊದಲ ಮಾತು. ಟೀಚರ್‌ಗೆ ಕನ್ನಡ ಎಷ್ಟು ತಿಳಿಯಿತೋ, ಪುಸ್ತಕವನ್ನಂತೂ ಓದುವ ಮೂಲೆಯಲ್ಲಿ ನಡುವೆಯೇ ಇಟ್ಟಳು. ಅವತ್ತು ಡಬ್ಬಿ ಖಾಲಿಯಾಗಿ ಬಂತು. ಲತಾ ಅದನ್ನು ನನಗೆ ತೋರಿಸಲು ಓಡಿ ಬಂದಳು. ಹಬ್ಬವೇ ಆಯಿತು ನಮಗೆ.

ಹಬ್ಬ ಎಷ್ಟು ಹೊತ್ತು? ಸಂಜೆ ಪುಸ್ತಕ ಮನೆಗೆ ಬಂತು, ಹಿಂದೆಯೇ ಪ್ರಶ್ನೆಯೂ ಬಂತು. "ಬಸ್ ಯಾವಾಗ ಬರತೈತಿ? ದಾದಿ ಯಾವಾಗ ಇಳೀತಾಳ?" ಬೆಳಿಗ್ಗೆ ಅದೇ, ರಾತ್ರಿ ಅದೇ. ತನ್ನ ಎರಡು ಫ್ರಾಕು ಚೀಲಕ್ಕೆ ತುರುಕಿಕೊಂಡು ಬಾಗಿಲಲ್ಲಿ ಕೂರತೊಡಗಿತು. ದಾದಿ ಇಳಿಯದಿದ್ದರೆ ತಾನೇ ಹತ್ತುತ್ತದಂತೆ. ಬರಬರುತ್ತ ಡಬ್ಬಿ ಮತ್ತೆ ತುಂಬಿಯೇ ಬರತೊಡಗಿತು.

"ನಾನ ತಂದು ಕೊಟ್ಟೆ ನೋಡ್ರಿ ಆಪಾ, ಆ ಪುಸ್ತಕ. ನನ್ನ ಕಾಲ ಮ್ಯಾಲೆ ನಾನ ಕಲ್ಲು ಹಾಕ್ಕೊಂಡೆ," ಅಂದಳು ಲತಾ. ಅವಳ ಕಣ್ಣಲ್ಲಿ ನೀರೂ ಉಳಿದಿರಲಿಲ್ಲ. "ಹೋಗ್ಲಿ ಬಿಡ್ರಿ. ನನ್ನ ಸಲುವಾಗಿ ಕೂಸು ಒಣಗಬಾರದು. ಠಾಕಪ್ಪ ಕಾಕಾ ಬಂದ್ರ ಕಳಸ್ತೇನಿ."

ನನಗೆ ತಲೆ ಕೆಟ್ಟುಹೋಯಿತು. ಪರರ ಮನೆಯ ಉಸಾಬರಿ ನಿನಗ್ಯಾಕ ಅಂತ ಗಂಡ ಅಂದ. ನಿಮ್ಮ ಕೆಲಸ ನೀವು ನೋಡ್ಕೋರಿ ಅಂದೆ. ಹಿತ್ತಿಲ ಬದಿ ನಿಂತು ಮೋತಿಬಾಯಿಗೆ ಫೋನು ಹಚ್ಚಿದೆ.

"ಮೋತಿ ಅಕ್ಕಾ, ನಾನು ಮರಿಯಮ. ಬಿತ್ತಿಗಿ ಆತೇನ?"

"ಆತು ಬೇ. ಮಿರಗದ ಮಳಿ ಚಲೋ ಹೊಡದೈತಿ. ಮೀನಿ ಹ್ಯಾಂಗ ಅದಾಳ?"

ಹೇಳಿದೆ. ಮಳೆಯಲ್ಲಿ ಬೇವಿನ ಗಿಡ ಹುಡುಕಿದ್ದು ಹೇಳಿದೆ, ಡಬ್ಬಿ ಹೇಳಿದೆ, ಚೀಲ ಹೇಳಿದೆ. ಆಮೇಲೆ ಕುಬೇರ ಆ ಮೋಡದ ಹಾಳೆಯ ಮುಂದೆ ಆಡಿದ ಒಂದೊಂದು ಮಾತನ್ನೂ ಹೇಳಿದೆ. ಆ ಕಡೆಯಿಂದ ಬರೀ ಎಮ್ಮೆಯ ಗಂಟೆ ಕೇಳಿಸುತ್ತಿತ್ತು.

"ಗಿಡದ ಹಿಂದ ಅಡಗತಿದ್ದ, ಹೌದು," ಅಂದಳು. "ಇಂವಗ ನಾ ಬ್ಯಾಡ ಆಗೇನಿ ಅಂತ ತಿಳದಿದ್ದೆ ನಾನು." ಫೋನು ಇಟ್ಟುಬಿಟ್ಟಳು.

ಠಾಕಪ್ಪ ಮಗನನ್ನು ನೋಡಿ ರಾತ್ರಿ ಬಸ್ಸಿಗೇ ಹೊಳ್ಳುವವನು, ಹಾಗಾಗಿ ಅವನು ಬರುವ ದಿನವೇ ಫೋಂಡಾದ ಬಸ್ ಸ್ಟ್ಯಾಂಡಿಗೆ ನಾವು ನಾಲ್ವರೂ ಹೋದೆವು. ಹೊಳ್ಳಿ ಬರುವಾಗ ಲತಾಳ ಜೊತೆ ಒಂದು ಹೆಣ್ಣುಜೀವ ಇರಲಿ ಅಂತ ನಾನೂ ಹೊರಟೆ. ಅವಳು ಬೆಳಿಗ್ಗೆ ಎದ್ದು ಹೋಳಿಗೆ ಮಾಡಿ ಕಟ್ಟಿದ್ದಳು. ಮೀನಾಕ್ಷಿಯ ಬೆನ್ನಿಗೆ ಚೀಲ, ಕೈಯಲ್ಲಿ ಆ ಹರಿದ ಪುಸ್ತಕ. ದಾರಿಯುದ್ದಕ್ಕೂ ಲತಾ ಮಗಳ ತಲೆ ಸವರುತ್ತಿದ್ದಳು, ಬಾಚಿದ ಕೂದಲು ಕೆದರಿ ಮತ್ತೆ ಬಾಚುತ್ತಿದ್ದಳು. ಕುಬೇರ ಕಿಟಕಿಯ ಆಚೆ ನೋಡುತ್ತಿದ್ದ.

ಮೊಲೆಂ ಘಾಟಿನಲ್ಲಿ ಮಳೆಗೆ ಬಸ್ಸು ತಡವಾಗಿದೆ ಅಂದರು. ಸ್ಟ್ಯಾಂಡಿನ ತಗಡಿನಡಿ ಸುಮ್ಮನೆ ನಿಂತೆವು. ಕೊನೆಗೂ ವಿಜಯಪುರದ ಬಸ್ಸು ಕೆಸರು ಎರಚುತ್ತ ಬಂತು. ಮೊದಲು ಠಾಕಪ್ಪ ಇಳಿದ. ಇಳಿದವನು ನಮ್ಮ ಕಡೆ ಬರಲಿಲ್ಲ, ತಿರುಗಿ ಬಾಗಿಲಿಗೆ ಕೈ ಚಾಚಿದ. ಒಳಗಿಂದ ಒಂದು ಗಂಟು ಬಂತು. ಗಂಟಿನ ಹಿಂದೆ, ಕೈತುಂಬ ಬಳೆಯ ಒಂದು ಕೈ ಬಂತು.

"ಯಾ ಅಲ್ಲಾ!" ಅಂದೆ ನಾನು.

ಮೋತಿಬಾಯಿ ಇಳಿದು ಸೆರಗು ತಲೆಗೆಳೆದುಕೊಂಡು ಆಕಾಶ ನೋಡಿದಳು. "ಅಯ್ಯ, ಇಷ್ಟು ಸುರೀತೈತೇನು ಇಲ್ಲೆ? ಇಷ್ಟು ವರ್ಷ ಈ ಊರಿನ ಅನ್ನ ಉಂಡೆ, ಇದರ ಮಳಿ ಕಂಡಿರಲಿಲ್ಲ ನೋಡ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಆ ಚೀಲ ಬಿಚ್ಚ, ಲತಾ. ಕೂಸು ಎಲ್ಲೂ ಹೋಗಾಂಗಿಲ್ಲ. ಬಿತ್ತಿ ಬಂದೇನಿ, ಉಳದದ್ದು ಠಾಕಪ್ಪ ನೋಡ್ಕೋತಾನ. ನಿಮ್ಮ ಖೋಲಿಯೊಳಗ ನನಗ ಜಾಗಾ ಐತೋ ಇಲ್ಲೋ?"

ಲತಾ ಅತ್ತೆಯ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಇಷ್ಟು ದಿನ ದಾದಿ ದಾದಿ ಎಂದು ಜೀವ ತಿಂದ ಕೂಸು ಎಲ್ಲಿ? ಅಪ್ಪನ ಕಾಲ ಹಿಂದೆ ಅಡಗಿ ನಿಂತಿತ್ತು. ಮೋತಿಬಾಯಿ ಅದನ್ನು ನೋಡಿದಳು, ಹಾಗೇ ಕಣ್ಣೆತ್ತಿ ಮಗನ ಮುಖವನ್ನೂ ನೋಡಿದಳು. ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು.

"ಬಾ. ನಾನ ಕರ್ಯಾಕತ್ತೇನಿ, ಬಾ."

ಮೀನಾಕ್ಷಿ ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಅವಳ ಮೂಗುಬೊಟ್ಟು ಮುಟ್ಟಿ ನೋಡಿತು. ಆಮೇಲೆ ಅಪ್ಪ ಹೇಳಿಕೊಟ್ಟ ಪಾಠದಂತೆ ಕೇಳಿತು. "ದಾದಿ, ಯಾವಾಗ ಹೊಳ್ಳಿ ಹೋಗ್ತಿ?"

"ಮಳಿ ನಿಂತ..." ಬಾಯಿಗೆ ರೂಢಿಯಾದ ಮಾತು ಅರ್ಧ ಬಂದು ನಿಂತಿತು. ಮೋತಿಬಾಯಿ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಮಗನನ್ನೇ ನೋಡುತ್ತ ಹೇಳಿದಳು. "ಇಲ್ಲೆ ಮಳಿ ನಿಂತ್ರ ನನ್ನ ಸೀಜನ್ ಚಾಲೂ ಆಗತೈತಿ. ಎಲ್ಲಿಗಿ ಹೋಗ್ಲಿ? ಎಲ್ಲೂ ಹೋಗಾಂಗಿಲ್ಲ."

"ಖರೇನ, ಯಾಡಿ?"

ಕೇಳಿದವನು ಕುಬೇರ.